ಅಪ್ಪನನ್ನು ಕೋಲಾರಕ್ಕೆ ಕಳಿಸುವ ಮಾತು

ಕದಿರಣ್ಣ,

ಅಪ್ಪನಿಗೆ ಎದೆನೋವು ಬಂತು, ಮುಳಬಾಗಿಲಲ್ಲೇ ಆಸ್ಪತ್ರೆಗೆ ಸೇರಿಸಿದ್ದೇನೆ. ನೀನು ಫೋನನ್ನು ಮನೆಯಲ್ಲೇ ಚಾರ್ಜಿಗೆ ಹಾಕಿ ಹೋಗಿದ್ದೀಯ. ನಾನು ಯಾರನ್ನು ಕೇಳಲಿ?

ಡಾಕ್ಟರಮ್ಮ ಅಪ್ಪನಿಗೇ ಬಿಡಿಸಿ ಹೇಳಿದರು: "ಇದಕ್ಕೆ ಬೇಕಾದ ಚಿಕಿತ್ಸೆ ಇಲ್ಲಿಲ್ಲ. ಕೋಲಾರಕ್ಕೆ ಹೋದ್ರೆ ಉಳಿಯೋ ಸಾಧ್ಯತೆ ಜಾಸ್ತಿ. ಆದ್ರೆ ದಾರೀಲೇ ಹೃದಯ ನಿಂತೋಗಬಹುದು. ನೀವೇ ಹೇಳಿ ತಾತ."

ಅಪ್ಪ ನನ್ನ ಮುಖ ನೋಡಿ, "ಕದಿರ ಏನಂದ?" ಎಂದರು.

ನೀನು ಹೋಗೋಣ ಅಂದೆ ಎಂದು ಸುಳ್ಳು ಹೇಳಿಬಿಟ್ಟೆ. ಆಮೇಲೇ ಅಪ್ಪ ಒಪ್ಪಿ ತಲೆಯಾಡಿಸಿದರು.

ಆಂಬುಲೆನ್ಸ್ ಬರುವಷ್ಟರಲ್ಲಿ ಬಟ್ಟೆ ತೆಗೆದುಕೊಳ್ಳಲು ಮನೆಗೆ ಓಡಿಬಂದೆ, ಈ ಚೀಟಿ ನಿನ್ನ ಫೋನಿನ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ರೇಷ್ಮೆಹುಳಕ್ಕೆ ಸೊಪ್ಪು ಹಾಕಿದ್ದೇನೆ, ಅದಕ್ಕೆಂದು ನಿಲ್ಲಬೇಡ. ನೇರ ಕೋಲಾರಕ್ಕೆ ಬಾ, ಬಸ್ಸು ಹತ್ತಿದ ತಕ್ಷಣ ಫೋನ್ ಮಾಡು.

ಅಪ್ಪ ಕೇಳಿದರೆ ಹೌದು ಅನ್ನು. ಬೇಡ ಅನ್ನೋ ಮನಸ್ಸಿದ್ದರೆ ನನಗೊಬ್ಬಳಿಗೇ ಹೇಳಣ್ಣ.

ವಾಣಿ