ಗೇಟು ಕಳಚಿದ ಅಂಗಳ

ನಡಗಡ್ಡಿ, ತಾ. ಮೂಡಲಗಿ
18 ಆಗಸ್ಟ್ 2025

ಯಮಕನಮರಡಿಯ ದ್ರಾಕ್ಷಾಯಿಣಿ ಅಕ್ಕನಿಗೆ ತಮ್ಮ ಮಹಾಂತೇಶನ ನಮಸ್ಕಾರ.

ನಾವೆಲ್ಲ ಆರಾಮ, ಎಮ್ಮೆಯೂ ಆರಾಮ, ನನಗಿಂತ ತುಸು ಹೆಚ್ಚೇ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಇಸಿದುಕೊಳ್ಳಲೇಬೇಕು, ಪೋಸ್ಟ್‌ಮನ್ ಎದುರಿಗೇ ನಿಂತಿರುತ್ತಾನೆ. ತಡವಾಯಿತು, ಕ್ಷಮಿಸು. ಬರೆಯಲು ಕುಂತೆ, ಬಂತು ನೂರು ಚಿಂತೆ. ಎರಡು ವರ್ಷ ಹೀಗೇ ಹೋಯಿತು.

ಸಮುದಾಯ ಭವನದ ಗೇಟು ತೆಗೆಯುವ ತನಕ ತವರಿಗೆ ಕಾಲಿಡುವುದಿಲ್ಲ ಎಂದು, ಅವ್ವನ ದಿನಕರ್ಮ ಮುಗಿದ ದಿನ ಹೇಳಿ ಹೋದವಳು ನೀನು. ಅಕ್ಕ, ಆ ಗೇಟು ಈಗ ಇಲ್ಲ. ಹೇಗೆ ಹೋಯಿತು ಕೇಳು.

ಸುತ್ತ ಹೊಳೆಯಿರುವ ನಮ್ಮ ಊರಿನಲ್ಲಿ ಕಂಬಳಿ ನೇಯುವ ಮುನ್ನ ನೂಲಿನ ಹಾಸು ಉದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿಯಲು ಸಪಾಟು ಜಾಗವೆಂದರೆ ಭವನದ ಮುಂದಿನ ಅಂಗಳವೊಂದೇ. ಕುರಿ ಒಳಗೆ ಬರಬಾರದೆಂದು ಕುರುಬರಾದ ನಾವೇ ಕೂಡಿ ಅದಕ್ಕೆ ಗೋಡೆ ಕಟ್ಟಿದೆವು. ಕುರಿ ಹೊರಗುಳಿದವು, ಕುರಿ ಸಾಕಿದವರೂ ಹೊರಗುಳಿದರು. ಪದವೀಧರನೆಂದು ಗೇಟಿನ ಕೀಲಿಕೈ ನನ್ನ ಕಿಸೆಗೆ ಬಂತು. ದಿನಾ ಮೂಡಲಗಿಗೆ ನಾನು ಕೆಲಸಕ್ಕೆ ಹೋದರೆ ಅದೂ ನನ್ನ ಜೊತೆ ಬಸ್ಸು ಹತ್ತುತ್ತಿತ್ತು.

ಕಳೆದ ತಿಂಗಳು ನಾನು ಮೂಡಲಗಿಯಲ್ಲಿದ್ದಾಗಲೇ ಹೊಳೆ ಏರಿ ಸೇತುವೆ ಮುಳುಗಿತು. ಊರು ಆಚೆ, ಕೀಲಿಕೈ ಈಚೆ. ತಗ್ಗಿನ ಮನೆಗಳಿಗೆ ನೀರು ನುಗ್ಗಿತ್ತು. ಏರಿನ ಮೇಲಿರುವುದು ಭವನವೊಂದೇ. ಲಗಮವ್ವ ಅತ್ತಿ ಫೋನಿನಲ್ಲಿ ಕೂಗಿದಳು:

"ಮಾಂತೇಶಾ, ಕೀಲಿಕೈ ಎಲ್ಲೈತೋ?"

"ನನ್ನ ಕಿಸೇದಾಗ ಐತಿ, ಅತ್ತಿ."

"ಹಂಗಾರ ಅದಕ್ಕ ಹೊತ್ತಿಗೆ ಸರಿಯಾಗಿ ಊಟಾ ಹಾಕು. ನಮ್ದು ನಾವು ನೋಡ್ಕೊಂತೀವಿ."

ಮೂರನೆಯ ದಿನ ನೀರಿಳಿದ ಮೇಲೆ ಊರು ಸೇರಿದೆ. ಭವನದೊಳಗೆ ಹನ್ನೊಂದು ಮನೆಯವರು ಬೆಚ್ಚಗೆ ಕುಳಿತು ಚಹಾ ಕುಡಿಯುತ್ತಿದ್ದರು. ಹೆಂಗಸರು ಹಾಸು ಕಟ್ಟುವ ಗಳಗಳನ್ನು ಕೆಳಗೆ ಸನ್ನೆಯಾಗಿ ಕೊಟ್ಟು, ಎರಡೂ ಬಾಗಿಲು ಸಮೇತ ಗೇಟನ್ನು ಎತ್ತಿ ನೆಲಕ್ಕೆ ಮಲಗಿಸಿದ್ದರು. ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಮೇಲೆ ಒದ್ದೆ ಕಂಬಳಿಗಳು ಒಣಗುತ್ತಿದ್ದವು.

"ನಿನ್ನ ಕೀಲಿ ಯಾರೂ ಮುಟ್ಟಿಲ್ಲಪಾ, ಬೇಕಾರ ತಗದ ನೋಡು," ಎಂದ ಸಿದ್ರಾಯ ಕಾಕಾ. ಭವನದ ಕಮಿಟಿಯ ಅಧ್ಯಕ್ಷನೂ ಅವನೇ, ಗೋಡೆ ಕಟ್ಟಿಸಿದವನೂ ಅವನೇ. ನಾನು ಬಾಗಿ ಬೀಗ ತೆಗೆದೆ. ಸಲೀಸಾಗಿ ತೆರೆಯಿತು. ಊರೆಲ್ಲ ಚಪ್ಪಾಳೆ ತಟ್ಟಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ನಿನ್ನೆ ರವಿವಾರ ಸಭೆ ಸೇರಿತ್ತು. ಗೇಟು ಮತ್ತೆ ಕೂಡಿಸೋಣ ಎಂದು ಕಾಕಾನ ಹಟ.

"ಕುರಿ ಬಂದು ಹಿಕ್ಕಿ ಹಾಕಿದ್ರ ಯಾರು ಬಳಿಯಾವ್ರು?"

"ಕುರಿ ಹಿಕ್ಕಿ ಬಳದ ನಿಮ್ಮವ್ವ ನಿನ್ನ ದೊಡ್ಡಾಂವನ್ನ ಮಾಡ್ಯಾಳ," ಎಂದಳು ಲಗಮವ್ವ ಅತ್ತಿ.

ಕಾರ್ಯದರ್ಶಿಯಾದ ನಾನು ಎದ್ದು, ಗೇಟು ಬೇಡ, ಅಂಗಳ ಎಲ್ಲರದು ಎಂದು ಠರಾವು ಬರೆದೆ. ಕಾಕಾ ಗೊಣಗುತ್ತಲೇ ಸಹಿ ಹಾಕಿದ. ಇವತ್ತು ಬೆಳಗ್ಗೆ ಅಲ್ಲಿ ಮೂರು ಹಾಸು ಎದ್ದಿವೆ. ಗಂಜಿಯ ವಾಸನೆ ನಮ್ಮ ಪಡಸಾಲೆಯ ತನಕ ಬಂದಿದೆ, ನನಗದು ಹಿತವಾಗಿದೆ.

ಇನ್ನು ನೀನು ಬಾ. ಪಂಚಮಿಯ ಉಂಡಿ ಡಬ್ಬಿಯಲ್ಲೇ ಇವೆ. ಗಟ್ಟಿಯಾಗಿವೆ, ನಿನ್ನ ಸಿಟ್ಟಿನಷ್ಟಲ್ಲ.

ಮಾಮಾರಿಗೆ ನಮಸ್ಕಾರ. ನಿನ್ನ ಮಗಳು ಸಪ್ನಾಳಿಗೆ ಆಶೀರ್ವಾದ: ಓದಲಿ, ಹಾಡಲಿ, ಸೋದರಮಾವನಂತೆ ಮಾತ್ರ ಆಗದಿರಲಿ. ನಿನ್ನ ಆಶೀರ್ವಾದ ನನಗಿರಲಿ. ಸಿಟ್ಟು ಇಳಿದ ಮೇಲೆ ಕೊಟ್ಟರೂ ನಡೆದೀತು.

ನಿನ್ನ ತಮ್ಮ,
ಮಹಾಂತೇಶ

ತಾ.ಕ.: ಹಾಸು ಕಟ್ಟಲು ಅವ್ವ ಆ ಅಂಗಳ ಕೇಳಿದ್ದಳೇ ಎಂದು ನೀನು ಅಂದು ಕೇಳಿದೆ. ಇಲ್ಲ, ಅವಳ ಕೈ ನಡುಗುತ್ತಿತ್ತು ಎಂದೆ. ಸುಳ್ಳು ಹೇಳಿದೆ ಅಕ್ಕ. ಸಪ್ನಾಳಿಗೊಂದು ಕಂಬಳಿ ಮಾಡಬೇಕೆಂದು ಕೇಳಿದ್ದಳು. ನಮ್ಮವ್ವನಿಗೆ ಬಿಟ್ಟರೆ ಊರೆಲ್ಲ ಕೇಳುತ್ತದೆ, ಅರ್ಜಿ ಕೊಡು ಎಂದೆ. ಯಾರಿಂದಲೋ ಬರೆಸಿ, ಹೆಬ್ಬೆಟ್ಟು ಒತ್ತಿ, "ತಗೋರಿ ಸಾಹೇಬ್ರ" ಎಂದು ಕೊಟ್ಟಳು. ನಕ್ಕೇ ಕೊಟ್ಟಳು. ಸಭೆ ಸೇರುವ ಮೊದಲೇ ಹೋಗಿಬಿಟ್ಟಳು. ನಿನ್ನೆ ಅದನ್ನು ಫೈಲಿನಿಂದ ತೆಗೆದು, ಮಂಜೂರು ಎಂದು ಬರೆದು ಸಹಿ ಮಾಡಿದ್ದೇನೆ. ಪ್ರತಿಯನ್ನು ಅರ್ಜಿದಾರರಿಗೆ ತಲುಪಿಸಬೇಕು ಎಂಬ ನಿಯಮ ಮಾಡಿದವನೂ ನಾನೇ. ನೀನು ಬಂದು ಹೇಳು, ಎಲ್ಲಿಗೆ ತಲುಪಿಸಲಿ?