ಮಳೆ ಸುರಿಯುವ ಚಿತ್ರ, ಮುಗಿಯದ ಕಾದಂಬರಿ

ಬಂಡೆಯೂರು, ಯಾದಗಿರಿ ಬೆಟ್ಟ
ಕ್ರಿ.ಶ. ೨೭೧೪, ಹದಿಮೂರನೆಯ ತಿಂಗಳು

ಚಿತ್ರ ತೆಗೆದವರಿಗೂ ಕಾದಂಬರಿ ಬರೆದವರಿಗೂ ಹಂಪವ್ವನ ನಮಸ್ಕಾರಗಳು.

ನಿಮ್ಮ ಕ್ಯಾಲೆಂಡರಿನಲ್ಲಿ ಈ ತಿಂಗಳು ಇಲ್ಲವೆಂದು ಬಲ್ಲೆ. ಬಿಸಿಲು ಬಲಿತ ಮೇಲೆ ನಮ್ಮ ಹಿರಿಯರು ತಂಪಿಗೆಂದೇ ಒಂದು ತಿಂಗಳನ್ನು ಸೇರಿಸಿಕೊಂಡರು. ನಿಮ್ಮ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತವಳು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ಈ ಊರಿನ ನೋಡುಗಿತ್ತಿ. ಉಳಿದಿರುವ ಒಂದೇ ಒಂದು ಯಂತ್ರದ ಪರದೆ ಅಂಗೈಯಷ್ಟಗಲ. ಒಂದು ಚಿತ್ರ ಓಡಿಸಿದರೆ ಕಾದು ಕೆಂಡವಾಗುತ್ತದೆ, ಆಮೇಲೆ ಮುಂದಿನ ತಂಪಿನವರೆಗೆ ಮುಟ್ಟುವಂತಿಲ್ಲ. ಆದ್ದರಿಂದ ಊರಿನ ಪರವಾಗಿ ಒಬ್ಬಳು ನೋಡಬೇಕು, ನೋಡಿದ್ದನ್ನು ಎಲ್ಲರಿಗೂ ಹೇಳಬೇಕು. ಹೇಳುವಾಗ ಸ್ವಂತ ಅಭಿಪ್ರಾಯ ಬೆರೆಸಬಾರದು. ಅದನ್ನು ಹಿಂದೋಲೆಯಲ್ಲಿ, ಅಂದರೆ ಹಿಂದಿನವರಿಗೆ ಬರೆಯುವ ಇಂಥ ಪತ್ರದಲ್ಲಿ ಬರೆದು ನದಿಗೆ ಬಿಡುತ್ತೇವೆ. ನದಿ ಹಿಂದಿನ ಕಾಲಕ್ಕೆ ಹರಿಯುವುದಿಲ್ಲವೆಂದು ನಮಗೂ ಗೊತ್ತು. ಆದರೂ ಮನಸ್ಸಿನಲ್ಲಿದ್ದದ್ದು ಎಲ್ಲಾದರೂ ಹೊರಬರಬೇಕಲ್ಲ!

ಮೊದಲು ಚಿತ್ರ. ಊರಿನವರು ಬಾಯಿ ಬಿಟ್ಟುಕೊಂಡು ಕೇಳಿದರು, ನನಗೆ ಮಾತ್ರ ಕಲ್ಪನೆ ಅತಿಯಾಯಿತು ಅನಿಸಿತು. ಆಕಾಶದಿಂದ ಬಿಟ್ಟಿಯಾಗಿ ಅಷ್ಟೊಂದು ನೀರು ಬೀಳುತ್ತದೆ, ಜನ ಕೊಡೆ ಬಿಚ್ಚಿ ಅದರಿಂದ ತಪ್ಪಿಸಿಕೊಳ್ಳುತ್ತಾರೆ! ನಾಯಕ ನಾಯಕಿ ಹಾಡು ಬಂದಾಗಲೆಲ್ಲ ಕೆಲಸ ಬಿಟ್ಟು ಹಿಮದ ಬೆಟ್ಟಕ್ಕೆ ಹೋಗುತ್ತಾರೆ, ಮನೆಯಲ್ಲಿ ಯಾರೂ ಕೇಳುವುದಿಲ್ಲ. ಆದರೆ ಕೊನೆಯ ದೃಶ್ಯಕ್ಕೆ ನಾನು ಸೋತೆ. ಮುನಿಸಿಕೊಂಡು ಹೋಗಿದ್ದ ಹೆಂಡತಿ ಬಸ್ಸಿನಿಂದ ಇಳಿಯುತ್ತಾಳೆ, ಗಂಡ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿರುತ್ತಾನೆ. ಇಬ್ಬರೂ ಒಂದೇ ಕೊಡೆಯಡಿ ನಡೆದು ಹೋಗುತ್ತಾರೆ. ಯಂತ್ರ ಆರಿದ ಮೇಲೂ ನಾನು ಎಷ್ಟೋ ಹೊತ್ತು ಆ ನೀರಿನ ಸದ್ದಿನಲ್ಲೇ ಕೂತಿದ್ದೆ.

ಇನ್ನು ಕಾದಂಬರಿ. ನೀವು ಅದನ್ನು ಎಲ್ಲೂ ಇಲ್ಲದ ನಾಡಿನ ಅದ್ಭುತ ಕಥೆ ಎಂದು ಕರೆದಿರಂತೆ. ನಮಗೆ ಅದು ಪಕ್ಕದ ಓಣಿಯ ಸುದ್ದಿ. ನಿಮ್ಮ ನಾಯಕಿ ಇಂಚರೆಯ ನಾಡಿನವರು ಹಗಲೆಲ್ಲ ಕಲ್ಲಿನ ಕೋಣೆಗಳಲ್ಲಿ ಮಲಗುತ್ತಾರೆ, ನಾವೂ ಹಾಗೆಯೇ. ಅವರ ನದಿ ನೆಲದಡಿ ಹರಿಯುತ್ತದೆ. ನಮ್ಮ ಭೀಮೆಯೂ ಅಷ್ಟೇ. ನೆಲಕ್ಕೆ ಕಿವಿಯಿಟ್ಟರೆ ಆಕೆ ನಿದ್ದೆಯಲ್ಲಿ ಮಾತಾಡಿದಂತೆ ಕೇಳುತ್ತದೆ, ಮಕ್ಕಳು ಅದನ್ನೇ ಜೋಗುಳ ಮಾಡಿಕೊಂಡು ಮಲಗುತ್ತಾರೆ. ಇಂಚರೆಯ ಜೊತೆಗೆ ಬರುವ ಆ ಕಲ್ಲಿನ ಕುದುರೆಯ ವಾಚಾಳಿತನವೊಂದನ್ನು ಕಡಿಮೆ ಮಾಡಬೇಕಿತ್ತು. ಮಿಕ್ಕಂತೆ ಅಂಥ ಪುಸ್ತಕವನ್ನು ನಾನು ಇನ್ನೊಂದು ಓದಿಲ್ಲ. ಕಳೆದುಹೋದ ಅಕ್ಕನನ್ನು ಹುಡುಕುತ್ತಾ ಇಂಚರೆ ನೆಲದಡಿಯ ನದಿಗೆ ತೆರೆಯುವ ನೀರಿನ ಬಾಗಿಲಿಗೆ ಬಂದು ಒಂದು ಕಾಲು ಒಳಗಿಡುತ್ತಾಳೆ. ಅಲ್ಲಿಗೆ ನಮ್ಮ ಪ್ರತಿ ಮುಗಿಯುತ್ತದೆ, ಮುಂದಿನ ಹಾಳೆಗಳು ಉದುರಿಹೋಗಿವೆ.

ನಾನು ಪತ್ರ ಬರೆಯಲು ಕಾರಣ ಇದೇ. ನನ್ನನ್ನು ಸಾಕಿದ್ದು ಚಿಗವ್ವ ದ್ಯಾವಕ್ಕ. ಆಕೆಯ ಅಕ್ಕ, ಅಂದರೆ ನನ್ನ ತಾಯಿ, ನಾನು ತೊಟ್ಟಿಲಲ್ಲಿರುವಾಗ ನೀರಿನ ಜಾಡು ಹಿಡಿದು ಭೀಮೆಗೆ ಇಳಿದಳು, ಮತ್ತೆ ಮೇಲೆ ಬರಲಿಲ್ಲ. ಚಿಗವ್ವ ಈಗ ಹಾಸಿಗೆ ಹಿಡಿದಿದ್ದಾಳೆ. ಈ ತಂಪು ದಾಟುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅವಳಿಗೆ ಆ ಕಾದಂಬರಿಯನ್ನು ಓದಿ ಹೇಳಿದೆ. ಅಂದಿನಿಂದ ಅವಳದು ಒಂದೇ ಪ್ರಶ್ನೆ.

“ಅಕ್ಕ ಸಿಕ್ಕಳೇನ? ಅಷ್ಟ ಹೇಳು, ಬಾಕಿದ್ದು ಬ್ಯಾಡ.”

“ಮುಂದಿನ ಹಾಳಿನೇ ಇಲ್ಲ ಚಿಗವ್ವ.”

“ಹಾಳಿ ಇಲ್ಲಂದ್ರ? ಆ ಹುಡುಗಿ ಅಲ್ಲೇ ನಿಂತಬಿಟ್ಟಾಳೇನು, ಒಂದು ಕಾಲು ನೀರಾಗ ಇಟ್ಕೊಂಡು?”

ಕೊನೆಯನ್ನು ನಾನೇ ಕಟ್ಟಿ ಹೇಳುವಂತಿಲ್ಲ. ಹರಿದ ಕಥೆಗೆ ಬಾಲ ಅಂಟಿಸುವುದು ನಮ್ಮಲ್ಲಿ ನಿಷಿದ್ಧ. ಹಿಂದೆ ಓಣಿಗೊಂದು ಅಂತ್ಯ ಹುಟ್ಟಿ, ಜನ ಹೊಡೆದಾಡಿಕೊಂಡಿದ್ದರಂತೆ. ಯಾರು ಅಂಟಿಸುತ್ತಾರೋ ಅವರ ನೋಡುಗತನ ಹೋಗುತ್ತದೆ. ಮುಂದಿನ ತಂಪಿಗೆ ಇನ್ನೊಂದು ಚಿತ್ರ ಕಾದಿದೆ. ಅದರಲ್ಲಿ ಸಮುದ್ರ ಇದೆಯಂತೆ. ಅದನ್ನು ನೋಡಬೇಕೆಂಬ ಆಸೆ ನನಗೆ ಎಷ್ಟಿದೆ ಎಂದು ಹೇಳಲಾರೆ.

ಆದರೂ ಇವತ್ತು ಮನಸ್ಸು ಗಟ್ಟಿ ಮಾಡಿದ್ದೇನೆ. ನಿಮ್ಮಿಬ್ಬರ ಕಥೆಗಳನ್ನೂ ಒಂದು ಕಡೆ ಸೇರಿಸುತ್ತೇನೆ. ನೀರಿನ ಬಾಗಿಲಿನ ಆಚೆ ಒಂದು ಬಸ್ ನಿಲ್ದಾಣ, ಸುತ್ತಲೂ ಮಳೆ, ಅಕ್ಕ ಕೊಡೆ ಹಿಡಿದು ನಿಂತಿದ್ದಾಳೆ. ಬಸ್ಸೆಂದರೆ ಏನು, ಮಳೆಯೆಂದರೆ ಏನು ಎಂದು ಚಿಗವ್ವ ಖಂಡಿತ ಬೈಯುತ್ತಾ ಕೇಳುತ್ತಾಳೆ, ತಿಳಿದಷ್ಟು ಹೇಳುತ್ತೇನೆ. ನಾಳೆ ಊರ ಪಂಚರ ಮುಂದೆ ನಾನೇ ಹೋಗಿ ತಪ್ಪು ಒಪ್ಪಿಕೊಳ್ಳುತ್ತೇನೆ.

ಬರೆಯುವವರೇ, ನಿಮ್ಮಲ್ಲಿ ಒಂದು ಬಿನ್ನಹ. ಪುಸ್ತಕದಲ್ಲಿ ಎಲ್ಲಕ್ಕಿಂತ ಮೊದಲು ಉದುರುವುದು ಕೊನೆಯ ಹಾಳೆ. ಅದರ ಇನ್ನೊಂದು ಪ್ರತಿಯನ್ನು ನಡುವೆ ಎಲ್ಲಾದರೂ ಹೊಲಿದಿಡಿ. ನಮ್ಮಂಥವರು ಇರುತ್ತೇವೆ.

ಚಿಗವ್ವ ಒಳಗಿನಿಂದ ಕರೆಯುತ್ತಿದ್ದಾಳೆ. ಅಕ್ಕ ಸಿಕ್ಕಳು ಎಂದು ಹೇಳಿಬಿಡುತ್ತೇನೆ. ನೀವು ಬೇರೆ ಏನನ್ನಾದರೂ ಬರೆದಿದ್ದರೆ, ದಯವಿಟ್ಟು ಇದೊಂದು ಸಲ ತಿದ್ದಿಕೊಳ್ಳಿ.

ಹಂಪವ್ವ