ಕೊರಳಿನ ಕರಿದಾರ

ಅತ್ತೆ,

ಅಂಬತ್ತೂರಿನ ಫ್ಯಾಕ್ಟರಿ ವ್ಯಾನ್ ಬಂತು, ನಿಮ್ಮನ್ನು ಎಬ್ಬಿಸಲಿಲ್ಲ. ಪ್ರಣಮ್ಯಾಳ ಕೊರಳಿನ ಕರಿದಾರ ಕತ್ತರಿಸಿದ್ದು ನಾನೇ, ಬೈಯಬೇಡಿ.

ನಿದ್ದೆಯಲ್ಲಿ ನಿಪ್ಪಲ್ ಬಾಯಿಂದ ಬಿದ್ದರೆ ಏಳುತ್ತಾಳೆಂದು ನೀವು ಅದನ್ನು ಆ ದಾರಕ್ಕೇ ಕಟ್ಟಿದ್ದಿರಿ. ಬೆಳಿಗ್ಗೆ ನೋಡಿದರೆ ಮಗು ಮಗುಚಿಕೊಂಡಿತ್ತು, ನಿಪ್ಪಲ್ ಎದೆಯಡಿ ಸಿಕ್ಕಿ ದಾರ ಕೊರಳಿಗೆ ಬಿಗಿದಿತ್ತು. ಉಸಿರಿದೆಯಾ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಈಗ ಚೆನ್ನಾಗಿದ್ದಾಳೆ.

ದೃಷ್ಟಿಗೆ ಹೊಸ ದಾರ ಕಾಲಿಗೆ ಕಟ್ಟಿದ್ದೇನೆ.

ನಿಪ್ಪಲ್ ಕುದಿಸಿ ಸ್ಟೀಲ್ ಲೋಟದಲ್ಲಿ ಮುಚ್ಚಿಟ್ಟಿದ್ದೇನೆ. ಕೊಡಿ, ಬೇಡವೆನ್ನುವುದಿಲ್ಲ. ಯಾವುದಕ್ಕೂ ಕಟ್ಟಬೇಡಿ ಅಷ್ಟೇ. ಬಿದ್ದರೆ ಬೀಳಲಿ, ಅತ್ತರೆ ಅಳಲಿ.

ಅವಳು ಎದ್ದ ಕೂಡಲೇ ಫೋನ್ ಮಾಡಿ. ಅಳುತ್ತಿದ್ದರೆ, ಸಮಾಧಾನ ಮಾಡುವ ಮೊದಲು ನನಗೊಮ್ಮೆ ಆ ಅಳು ಕೇಳಿಸಿ.

ನಿಶ್ಮಿತಾ